ಗಿಡಕ್ಕೆ ಕಾಯಿಲೆ ಬರಿಸುವ ಕೆಲಸ

ಟಿ. ದಾಸರಹಳ್ಳಿಯ ನಮ್ಮ ಬೀದಿಯಲ್ಲಿ ಯಾರು ಎಲ್ಲಿ ಏನು ಕೆಲಸ ಮಾಡುತ್ತಾರೆ ಅನ್ನುವುದು ಎಲ್ಲರಿಗೂ ಗೊತ್ತು. ಎದುರು ಮನೆಯವರು ಪೀಣ್ಯದಲ್ಲಿ ಲೇತ್ ಮುಂದೆ ನಿಲ್ಲುತ್ತಾರೆ. ಪಕ್ಕದ ಮನೆಯಾಕೆ ಗಾರ್ಮೆಂಟ್ಸ್‌ನಲ್ಲಿ ಶರ್ಟಿಗೆ ಕಾಲರ್ ಹೊಲಿಯುತ್ತಾರೆ. ನನ್ನ ಕೆಲಸ ಮಾತ್ರ ಇಪ್ಪತ್ತನಾಲ್ಕು ವರ್ಷ ಕಳೆದರೂ ಬೀದಿಯವರ ತಲೆಗೆ ಹೋಗಲಿಲ್ಲ. ಬೀಜದ ಕಂಪನಿಯಲ್ಲಿದ್ದೇನೆ ಅಂದರೆ ಕುಂಡಕ್ಕೆ ಹಾಕಲು ಟೊಮೆಟೊ ಬೀಜ ಕೇಳುತ್ತಿದ್ದರು. ಅಲ್ಲಿ ಗಿಡಗಳಿಗೆ ಕಾಯಿಲೆ ಬರಿಸುತ್ತೇನೆ ಅಂದರೆ ನಕ್ಕು ಬೇರೆ ಮಾತಿಗೆ ಹೊರಳುತ್ತಿದ್ದರು.

ಆದರೆ ನಾನು ಮಾಡುತ್ತಿದ್ದದ್ದು ಅದನ್ನೇ. ಆರೋಗ್ಯವಾಗಿ ಬೆಳೆದ ಮೆಣಸಿನ ಗಿಡದ ಎಲೆಯೊಳಕ್ಕೆ ರೋಗದ ಬ್ಯಾಕ್ಟೀರಿಯಾ ಬಿಡುವುದು. ಯಾವ ಗಿಡ ಬಿದ್ದುಹೋಗುತ್ತದೆ, ಯಾವ ಗಿಡ ತಡೆದುಕೊಳ್ಳುತ್ತದೆ ಎಂದು ನೋಡುವುದು. ನೋಡಿದ್ದನ್ನು ಬರೆಯುವುದು. ಹೊಸದಾಗಿ ಕೆಲಸಕ್ಕೆ ಬರುವ ಹುಡುಗ ಹುಡುಗಿಯರಿಗೆ ಇದನ್ನೆಲ್ಲ ಬರೆದುಕೊಡಿ ಎಂದು ಅಲ್ಲಿನ ಈಗಿನ ಮುಖ್ಯಸ್ಥೆ ಅನಘಾ ಮೇಡಂ ಕೇಳಿದ್ದರಿಂದ ಬರೆಯುತ್ತಿದ್ದೇನೆ. ಗಿಡ ಹೇಗೆ ತನ್ನನ್ನು ಕಾಪಾಡಿಕೊಳ್ಳುತ್ತದೆ ಅನ್ನುವುದು ನಿಮ್ಮ ಪುಸ್ತಕದಲ್ಲಿ ನನಗಿಂತ ಚೆನ್ನಾಗಿ ಇರುತ್ತದೆ. ಅದನ್ನು ನೋಡುವಾಗ ನಾವು ಹೇಗೆ ಏಮಾರುತ್ತೇವೆ ಅನ್ನುವುದು ಅಲ್ಲಿ ಇರುವುದಿಲ್ಲ.

ನಾನು ಓದಿದ್ದು ಪಿಯುಸಿ. ಅಪ್ಪ ಸರ್ಕಾರಿ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು, ನಾನೂ ಹತ್ತೊಂಬತ್ತಕ್ಕೆ ಕೈಗಡಿಯಾರ ಜೋಡಿಸುವ ಕಾರ್ಖಾನೆ ಸೇರಿದೆ. ಎಳ್ಳಿಗಿಂತ ಚಿಕ್ಕ ತಿರುಪುಗಳನ್ನು ಚಿಮುಟದಲ್ಲಿ ಹಿಡಿದು ಕೂರಿಸುವ ಕೆಲಸ. ಹದಿನೇಳು ವರ್ಷ ಅದೇ. ಕಾರ್ಖಾನೆಯಲ್ಲಿ ಕೆಲಸ ಕಡಿಮೆಯಾಗಿ ಎಲ್ಲರೂ ಸ್ವಯಂನಿವೃತ್ತಿ ತಗೊಂಡಾಗ ನಾನೂ ತಗೊಂಡೆ. ಮನೆಯಲ್ಲಿ ಕೂತು ಮೂರು ತಿಂಗಳಿಗೆ ತಲೆ ಚಿಟ್ಟು ಹಿಡಿಯಿತು. ವೈಟ್‌ಫೀಲ್ಡ್ ಕಡೆಯ ಒಂದು ಬೀಜದ ಕಂಪನಿಗೆ ಕೈ ನಡುಗದ ಹೆಂಗಸರು ಬೇಕಂತೆ ಎಂದು ಹಳೆಯ ಗೆಳತಿಯೊಬ್ಬಳು ಹೇಳಿದಳು. ಎರಡು ಬಸ್ಸು ಬದಲಾಯಿಸಿ ಹೋದೆ.

ಆಗ ಕುಂದಲಹಳ್ಳಿ ಇನ್ನೂ ಹಳ್ಳಿಯ ಹಾಗೆಯೇ ಇತ್ತು. ದ್ರಾಕ್ಷಿ ತೋಟ ದಾಟಿದರೆ ನಮ್ಮ ಕೇಂದ್ರ. ಪ್ಲಾಸ್ಟಿಕ್ ಹಾಳೆ ಹೊದಿಸಿದ ಎರಡು ಪಾಲಿಹೌಸು, ಒಂದು ಚಿಕ್ಕ ಲ್ಯಾಬು, ಬೀಜ ಇಡುವ ತಣ್ಣನೆಯ ಕೋಣೆ. ಅದನ್ನೆಲ್ಲ ನೋಡಿಕೊಳ್ಳುತ್ತಿದ್ದವರು ಡಾಕ್ಟರ್ ಈರಣ್ಣ. ಹಾವೇರಿ ಕಡೆಯವರು. ಹಣೆಗೆ ವಿಭೂತಿ, ಮಡಿಚಿದ ತೋಳು, ಉಗುರಿನ ಸಂದಿಯಲ್ಲಿ ಯಾವಾಗಲೂ ಮಣ್ಣು. ನನ್ನ ಸರ್ಟಿಫಿಕೇಟುಗಳನ್ನು ಅವರು ತೆರೆದೂ ನೋಡಲಿಲ್ಲ. ಸೂಜಿ ಇಲ್ಲದ ಸಿರಿಂಜು ಕೈಗೆ ಕೊಟ್ಟು, ಎಲೆಗೆ ತೂತು ಬೀಳಬಾರದು, ನೀರು ಮಾತ್ರ ಒಳಗೆ ಹೋಗಬೇಕು ಅಂದರು. ನಾನು ಎಲೆಯ ಕೆಳಗಡೆ ಸಿರಿಂಜಿನ ಬಾಯಿ ಇಟ್ಟು, ಮೇಲಿನಿಂದ ಬೆರಳು ಕೊಟ್ಟು, ಮೆಲ್ಲಗೆ ಒತ್ತಿದೆ. ಎಲೆಯಲ್ಲಿ ಎಂಟಾಣೆ ಅಗಲದ ಒದ್ದೆ ಮಚ್ಚೆ ಹರಡಿತು. ಹರಿಯಲಿಲ್ಲ. ನನಗಿಂತ ಮೊದಲು ಬಂದ ಎಂ.ಎಸ್ಸಿ.ಯವರು ನಾಲ್ಕು ಎಲೆ ಹರಿದಿದ್ದರಂತೆ. ಮಾರನೇ ದಿನದಿಂದ ಬರಲು ಹೇಳಿದರು.

ಮೊದಲ ದಿನ ಅವರು ಪಾಲಿಹೌಸಿನ ಮಧ್ಯೆ ನಿಲ್ಲಿಸಿಕೊಂಡು ಹೇಳಿದ್ದು ನನಗೆ ಈಗಲೂ ಬಾಯಿಪಾಠ. “ನಮಗ ಮೈಯಾಗ ರಕ್ತ ಐತಿ, ಅದರಾಗ ಕಾವಲಿನವರು ಓಡಾಡ್ತಾರ. ಗಿಡಕ್ಕ ಅದು ಇಲ್ಲ. ಬಿಟ್ಟು ಓಡಿಹೋಗಾಕ ಕಾಲೂ ಇಲ್ಲ. ಹಂಗಾಗಿ ಒಂದೊಂದು ಜೀವಕೋಶನೂ ತನ್ನ ಬಾಗಲಾ ತಾನ ಕಾಯಬೇಕ್ರಿ.” ಎಲೆಯ ಮೇಲಿನ ಮೇಣದ ಪದರ ಮೊದಲ ತಡೆ. ಎಲೆ ಉಸಿರಾಡುವ ಸಣ್ಣ ರಂಧ್ರಗಳಿಂದ ಬ್ಯಾಕ್ಟೀರಿಯಾ ನುಗ್ಗಲು ನೋಡಿದರೆ, ಅದರ ಸುಳಿವು ಸಿಕ್ಕಿ ಗಿಡ ಆ ರಂಧ್ರಗಳನ್ನೇ ಮುಚ್ಚುತ್ತದೆ. ಒಳಗೆ ಬಂದರೆ ಜೀವಕೋಶ ತನ್ನ ಗೋಡೆಯನ್ನು ದಪ್ಪ ಮಾಡಿಕೊಳ್ಳುತ್ತದೆ. ಪಳಗಿದ ರೋಗಾಣು ಆ ಗೋಡೆಯೊಳಕ್ಕೂ ತನ್ನ ಕೆಲವು ವಸ್ತುಗಳನ್ನು ಚುಚ್ಚಿ ಗಿಡದ ಎಚ್ಚರ ತಪ್ಪಿಸುತ್ತದೆ. ಆದರೆ ಕೆಲವು ಗಿಡಗಳಿಗೆ ಆ ವಸ್ತುವನ್ನೇ ಗುರುತು ಹಿಡಿಯುವ ಗುಣ ಹುಟ್ಟಿನಿಂದ ಇರುತ್ತದೆ. ಗುರುತು ಹಿಡಿದ ಮೇಲೆ ಗಿಡ ಏನು ಮಾಡುತ್ತದೆ ಅನ್ನುವುದನ್ನು ಹೇಳುವ ಹೊತ್ತಿಗೆ ಅವರಿಗೆ ಫೋನು ಬಂತು. ಆ ಭಾಗವನ್ನು ನಾನು ಕಲಿತದ್ದು ತಪ್ಪು ಮಾಡಿಯೇ.

ಈರಣ್ಣ ಸರ್ ಮೂರು ವರ್ಷದಿಂದ ಒಂದು ಕೆಲಸ ನಡೆಸಿದ್ದರು. ಮೆಣಸಿನ ಎಲೆಗೆ ಕಪ್ಪು ಚುಕ್ಕೆ ಬಿದ್ದು ಇಡೀ ಗಿಡ ಎಲೆ ಉದುರಿಸುವ ರೋಗ ಅವರ ಊರಿನ ಹೊಲಗಳಲ್ಲಿ ಅವರು ಚಿಕ್ಕಂದಿನಿಂದ ನೋಡಿದ್ದು. ಆ ರೋಗ ತಡೆಯುವ ಒಂದು ಸಣ್ಣ ಕಾಯಿಯ ಮೆಣಸನ್ನು ದೊಡ್ಡ ಕಾಯಿಯ ತಳಿಯ ಜೊತೆ ಕೂಡಿಸಿ, ಬಂದ ಮಕ್ಕಳು ಮೊಮ್ಮಕ್ಕಳಲ್ಲಿ ಎರಡೂ ಗುಣ ಇರುವುದನ್ನು ಹುಡುಕುತ್ತಿದ್ದರು. ಒಂದೊಂದು ತಾಯಿ ಗಿಡದ ಬೀಜಕ್ಕೂ ಒಂದೊಂದು ನಂಬರು. ಆ ಸಲ ಇನ್ನೂರು ನಂಬರು ಬಿತ್ತಿದ್ದೆವು. ಎಲ್ಲ ಗಿಡಗಳಿಗೂ ನಾನು ಬ್ಯಾಕ್ಟೀರಿಯಾ ಒತ್ತಿದೆ. ಈರಣ್ಣ ಸರ್ ಮನೆಯ ಮದುವೆಗೆಂದು ಒಂದು ವಾರ ಊರಿಗೆ ಹೊರಟರು. ಕಾಯಿಲೆ ಬಂದ ಗಿಡ ಕಿತ್ತು ತೆಗೆಯಿರಿ, ಉಳಿದದ್ದನ್ನು ಜೋಪಾನ ಮಾಡಿ ಅಂದಿದ್ದರು.

ಮಾರನೇ ದಿನ ಬೆಳಿಗ್ಗೆ ಹೋಗಿ ನೋಡಿದರೆ ಹೆಚ್ಚಿನ ಗಿಡಗಳು ಏನೂ ಆಗದ ಹಾಗೆ ಹಸಿರಾಗಿದ್ದವು. ಇಪ್ಪತ್ತು ಚಿಲ್ಲರೆ ನಂಬರುಗಳಲ್ಲಿ ಮಾತ್ರ, ನಾನು ಒತ್ತಿದ ಜಾಗ ಸುಟ್ಟ ಕಾಗದದ ಹಾಗೆ ಒಣಗಿ ಮುದುಡಿತ್ತು. ಒಂದೇ ದಿನಕ್ಕೆ ಇಷ್ಟಾದರೆ ಇವೇ ಎಲ್ಲಕ್ಕಿಂತ ಬಲಹೀನ ಎಂದುಕೊಂಡೆ. ಉಳಿದವಕ್ಕೆ ಹರಡುವ ಮೊದಲು ಕಿತ್ತುಬಿಡೋಣ ಎಂದು ಬುಟ್ಟಿ ತರಿಸಿದೆ.

ಪಾಲಿಹೌಸಿನ ಕೆಲಸ ನೋಡುತ್ತಿದ್ದವರು ಮುನಿರಾಜಣ್ಣ. ಕುಂದಲಹಳ್ಳಿಯವರೇ, ನನಗಿಂತ ಆರೇಳು ವರ್ಷ ದೊಡ್ಡವರು, ಆದರೂ ನನ್ನನ್ನು ಅಕ್ಕ ಅನ್ನುತ್ತಿದ್ದರು. ಬುಟ್ಟಿ ಹಿಡಿದುಕೊಂಡು ಅವರು ಗಿಡ ಕೀಳದೆ ನಿಂತರು. “ಅಕ್ಕಾ, ಆ ಮಚ್ಚೆ ಒಂದ್ ಬುಟ್ರೆ ಗಿಡ ಎಂಗೈತೆ ನೋಡಿ. ಕುಡಿ ಒಂದ್ಚೂರೂ ಬಾಡಿಲ್ಲ. ಕಾಯ್ಲೆ ಗಿಡ ಇಂಗಿರಲ್ಲ ಕಣಕ್ಕ.” ನನಗೆ ಅವರ ಮಾತು ಹಿಡಿಸಲಿಲ್ಲ. ಸರ್ ನನಗೆ ಹೇಳಿ ಹೋಗಿದ್ದಾರೆ, ನಿಮಗಲ್ಲ ಎಂದು ಸ್ವಲ್ಪ ಗಡುಸಾಗಿಯೇ ಅಂದೆ. ಅವರು ಮತ್ತೆ ಮಾತಾಡದೆ ಕಿತ್ತರು. ಕಿತ್ತ ಗಿಡಗಳನ್ನು, ಕುಕ್ಕರಿನ ಹಾಗೆ ಹಬೆಯಲ್ಲಿ ಬೇಯಿಸುವ ದೊಡ್ಡ ಯಂತ್ರಕ್ಕೆ ಹಾಕಿ ನಾನೇ ಮುಚ್ಚಳ ಬಿಗಿದೆ.

ನಾಲ್ಕನೇ ದಿನ ಹಸಿರಾಗಿದ್ದ ಗಿಡಗಳ ಮಚ್ಚೆ ಎಣ್ಣೆ ಸವರಿದ ಹಾಗೆ ಕಾಣತೊಡಗಿತು. ಐದನೇ ದಿನ ಹಳದಿ. ಏಳನೇ ದಿನ ಎಲೆ ಉದುರಲು ಶುರು. ಈರಣ್ಣ ಸರ್ ವಾಪಸ್ ಬಂದಾಗ ಇಡೀ ಪಾಲಿಹೌಸಿನಲ್ಲಿ ಒಂದೇ ಒಂದು ನೆಟ್ಟಗಿರುವ ಗಿಡ ಇರಲಿಲ್ಲ. ಅವರು ಸಾಲಿನ ಆ ತುದಿಯಿಂದ ಈ ತುದಿಗೆ ಎರಡು ಸಲ ನಡೆದರು. ಮೂರು ವರ್ಷದ ಕೆಲಸ. ಆಮೇಲೆ ಖಾಲಿ ಕುಂಡಗಳ ಕಡೆ ನೋಡಿ, ಇಲ್ಲಿದ್ದವು ಎಲ್ಲಿ ಎಂದು ಕೇಳಿದರು.

ನಾನು ನನ್ನ ನೋಟ್‌ಬುಕ್ ಕೊಟ್ಟೆ. ಗಡಿಯಾರದ ಕಾರ್ಖಾನೆಯಲ್ಲಿ ಮಾಡಿದ ಪ್ರತಿ ಕೆಲಸಕ್ಕೂ ಗಂಟೆ ನಿಮಿಷ ಬರೆಯಬೇಕಿತ್ತು, ಆ ಅಭ್ಯಾಸ ಹೋಗಿರಲಿಲ್ಲ. ಯಾವ ನಂಬರಿಗೆ ಎಷ್ಟು ಹೊತ್ತಿಗೆ ಒತ್ತಿದೆ, ಯಾವುದರ ಮಚ್ಚೆ ಎಷ್ಟು ಹೊತ್ತಿಗೆ ಒಣಗಿದ್ದು ಕಂಡೆ, ಯಾವುದನ್ನು ಕಿತ್ತೆ, ಎಲ್ಲ ಇತ್ತು. ಅವರು ನಿಂತಲ್ಲೇ ಪುಟ ತಿರುವಿದರು. 

“ವಿಜಯಕ್ಕಾರ, ನೀವು ಕಿತ್ತು ಹಾಕಿದ್ದು ಗೆದ್ದ ಗಿಡಾರೀ.”

ಫೋನು ಬಂದು ನಿಂತುಹೋಗಿದ್ದ ಪಾಠ ಆಗ ಮುಗಿಯಿತು. ವೈರಿಯನ್ನು ಗುರುತು ಹಿಡಿದ ಜೀವಕೋಶ ತಾನೇ ಸಾಯುತ್ತದೆ. ಅಕ್ಕಪಕ್ಕದವೂ ಸಾಯುತ್ತವೆ. ಒಳಗೆ ಸೇರಿದ ರೋಗಾಣುವಿಗೆ ತಿನ್ನಲು, ಹರಡಲು ಏನೂ ಸಿಗದ ಹಾಗೆ ಸುತ್ತಲೂ ಒಣಗಿದ ಬೇಲಿ ಬೀಳುತ್ತದೆ. ಇದು ಆಗುವುದು ಬೇಗ, ಒಂದು ದಿನದೊಳಗೆ. ಗುರುತು ಹಿಡಿಯಲಾರದ ಗಿಡ ಮೂರು ನಾಲ್ಕು ದಿನ ಚೆನ್ನಾಗಿಯೇ ಕಾಣುತ್ತದೆ, ಒಳಗೆ ರೋಗಾಣು ಕೋಟಿಗಟ್ಟಲೆ ಆಗಿರುತ್ತದೆ. ನಾನು ಗಾಯ ನೋಡಿ ಸೋಲು ಅಂದುಕೊಂಡಿದ್ದೆ.

ಕೆಲಸ ಬಿಡುತ್ತೇನೆ ಎಂದು ಅವತ್ತೇ ಹೇಳಿದೆ. ಈರಣ್ಣ ಸರ್ ನನ್ನ ನೋಟ್‌ಬುಕ್ ಹಿಡಿದು ತಣ್ಣನೆಯ ಕೋಣೆಗೆ ಹೋದರು. ಒಂದೊಂದು ನಂಬರಿನ ತಾಯಿ ಗಿಡದ ಉಳಿಕೆ ಬೀಜ ಅಲ್ಲಿ ಪೊಟ್ಟಣದಲ್ಲಿ ಇರುತ್ತಿತ್ತು. ನಾನು ಕಿತ್ತಿದ್ದೆ ಎಂದು ಬರೆದ ನಂಬರುಗಳನ್ನಷ್ಟೇ ಆರಿಸಿ ಟ್ರೇಯಲ್ಲಿಟ್ಟುಕೊಂಡು ಬಂದರು. ಇನ್ನೂರು ಪೊಟ್ಟಣ ಮತ್ತೆ ಬಿತ್ತಬೇಕಿತ್ತು, ಈಗ ಇಪ್ಪತ್ತಮೂರು ಸಾಕು, ನಿಮ್ಮ ಕೈಬರಹ ಉಳಿಸಿತು ಅಂದರು. ತಪ್ಪು ಮಾಡಿದ್ದಕ್ಕಿಂತ ಹೆಚ್ಚಾಗಿ, ಮುನಿರಾಜಣ್ಣನ ಬಾಯಿ ಮುಚ್ಚಿಸಿದ್ದು ನನ್ನನ್ನು ಕೊರೆಯಿತು. ಮಾರನೇ ದಿನ ಟೀ ಹೊತ್ತಿಗೆ ಹೋಗಿ, ನೀವು ಹೇಳಿದ್ದೇ ಸರಿ ಇತ್ತು, ನಾನು ಕೇಳಬೇಕಿತ್ತು ಅಂದೆ. ಅವರು ಸಂಕೋಚಪಟ್ಟು, ನನಗೆ ಕಾಯಿಲೆ ವಿಷಯ ಗೊತ್ತಿಲ್ಲ, ಕುಡಿ ನೋಡಿ ಹೇಳಿದೆ ಅಷ್ಟೆ ಅಂದರು. ಅಲ್ಲಿಂದ ಮುಂದೆ ಗಿಡ ನೋಡಲು ನಾನು ಒಬ್ಬಳೇ ಹೋದದ್ದಿಲ್ಲ.

ಆ ಇಪ್ಪತ್ತಮೂರರಲ್ಲಿ ನೂರ ಹದಿನೆಂಟು ಎಂಬ ನಂಬರು ಎಲ್ಲಕ್ಕಿಂತ ಚೆನ್ನಾಗಿ ಬಂತು. ಕಾಯಿ ಉದ್ದ, ಬಣ್ಣ ಗಾಢ, ಒತ್ತಿದ ಜಾಗ ಪ್ರತಿ ಸಲವೂ ಒಂದೇ ದಿನದಲ್ಲಿ ಒಣಗುತ್ತಿತ್ತು. ಮುಂದಿನ ನನ್ನ ಬಹುಪಾಲು ವೃತ್ತಿ ಈ ನೂರ ಹದಿನೆಂಟರ ಹಿಂದೆಯೇ ಹೋಯಿತು.

ನಡುವೆ ಒಂದು ಸಂಗತಿ ಹೇಳಬೇಕು. ಒಂದು ವರ್ಷ ಜಾಗ ಸಾಲದೆ, ಒಮ್ಮೆ ಪರೀಕ್ಷೆ ಮಾಡಿದ ಗಿಡಗಳ ಮೇಲಿನ ಎಲೆಗಳಿಗೆ ಬೇರೊಂದು ರೋಗ ಸಿಂಪಡಿಸಿ ಎರಡನೇ ಪರೀಕ್ಷೆ ಮಾಡಲು ಆದೇಶ ಬಂತು. ಹಾಗೆ ಮಾಡಿದ ಗಿಡಗಳಲ್ಲಿ ಎರಡನೇ ರೋಗ ವಿಪರೀತ ಕಡಿಮೆ ಕಾಣುತ್ತಿತ್ತು. ಎಲ್ಲರಿಗೂ ಖುಷಿ. ನನಗೆ ಮಾತ್ರ ಅನುಮಾನ. ಅದೇ ಪೊಟ್ಟಣದ ಬೀಜದಿಂದ ಬಂದ, ಹಿಂದೆ ಮುಟ್ಟಿರದ ಹತ್ತು ಗಿಡ ಇಟ್ಟು ಅವಕ್ಕೂ ಸಿಂಪಡಿಸಿದೆ. ಅವೆಲ್ಲ ಚುಕ್ಕೆ ಬಿದ್ದು ಹಾಳಾದವು. ಕೆಳಗಿನ ಎಲೆ ಒಮ್ಮೆ ಹೋರಾಡಿದ್ದರೆ ಆ ಸುದ್ದಿ ಗಿಡದೊಳಗೆ ಮೇಲಕ್ಕೆ ಹೋಗುತ್ತದೆ, ಮೇಲಿನ ಎಲೆಗಳು ಮೊದಲೇ ಸಜ್ಜಾಗಿರುತ್ತವೆ ಎಂದು ಈರಣ್ಣ ಸರ್ ವಿವರಿಸಿದರು. ನಾವು ಅಳೆಯುತ್ತಿದ್ದದ್ದು ಹುಟ್ಟುಗುಣವನ್ನಲ್ಲ, ಮೊದಲು ಬಿದ್ದ ಏಟಿನ ನೆನಪನ್ನು. ಆ ಆದೇಶ ರದ್ದಾಯಿತು. ನೀವೂ ಪರೀಕ್ಷೆ ಮಾಡುವಾಗ ಗಿಡಕ್ಕೆ ಮೊದಲು ಏನಾಗಿತ್ತು ಎಂದು ಕೇಳಿಕೊಳ್ಳಿ.

ನೂರ ಹದಿನೆಂಟು ಸಿದ್ಧವಾಗಲು ಹನ್ನೆರಡು ವರ್ಷವೇ ಹಿಡಿಯಿತು. ಅಷ್ಟರಲ್ಲಿ ದ್ರಾಕ್ಷಿ ತೋಟ ಹೋಗಿ ಗಾಜಿನ ಕಟ್ಟಡಗಳು ಬಂದಿದ್ದವು. ನನ್ನ ಬಸ್ಸು ಐಟಿ ಕಂಪನಿಗಳ ಕ್ಯಾಬುಗಳ ಹಿಂದೆ ತೆವಳುತ್ತಿತ್ತು. ನಮ್ಮ ಮುಖ್ಯ ಕಚೇರಿ ಎಲೆಕ್ಟ್ರಾನಿಕ್ ಸಿಟಿಗೆ ಹೋಯಿತು, ಅಲ್ಲಿಂದ ಮಾರಾಟ ವಿಭಾಗದವರು ಆಗಾಗ ಬಂದು ಪ್ಯಾಕೆಟಿನ ಚಿತ್ರಕ್ಕೆ ಫೋಟೊ ತೆಗೆದುಕೊಂಡು ಹೋಗುತ್ತಿದ್ದರು. ಪ್ಯಾಕೆಟಿನ ಮೇಲೆ ‘ಎಲೆಚುಕ್ಕೆ ರೋಗ ನಿರೋಧಕ’ ಎಂದು ದಪ್ಪ ಅಕ್ಷರ. ಕೊನೆಯ ಪರೀಕ್ಷೆಯೊಂದು ಬಾಕಿ ಇತ್ತು. ಈರಣ್ಣ ಸರ್ ಆ ವರ್ಷದ ಕೊನೆಗೆ ನಿವೃತ್ತರಾಗುವವರು. ತಮ್ಮ ತಳಿ ತಮ್ಮೂರಿನ ಹೊಲದಲ್ಲಿ ನಿಲ್ಲುವುದನ್ನು ನೋಡಿ ಹೊರಡಬೇಕೆಂಬ ಆಸೆ ಅವರು ಬಾಯಿಬಿಟ್ಟು ಹೇಳದಿದ್ದರೂ ಎಲ್ಲರಿಗೂ ಗೊತ್ತಿತ್ತು.

ಅದು ಏಪ್ರಿಲ್. ನಮ್ಮ ಬೋರ್‌ವೆಲ್ ಬತ್ತಿತು, ಟ್ಯಾಂಕರ್ ಬರಲಿಲ್ಲ. ಪಾಲಿಹೌಸನ್ನು ತಂಪಾಗಿಡುವ, ನೀರು ಹರಿಯುವ ಪ್ಯಾಡುಗಳು ಒಣಗಿದವು. ಒಳಗೆ ನಿಂತರೆ ಕನ್ನಡಕದ ಮೇಲೆ ಬೆವರು ತೊಟ್ಟಿಕ್ಕುತ್ತಿತ್ತು. ನಾನು ಬ್ಯಾಕ್ಟೀರಿಯಾ ಒತ್ತಿ ಮಾರನೇ ದಿನ ಹೋಗಿ ನೋಡಿದರೆ ನೂರ ಹದಿನೆಂಟರ ಎಲೆ ಹಸಿರಾಗಿಯೇ ಇತ್ತು. ಒಣ ಮಚ್ಚೆ ಇಲ್ಲ. ಜೊತೆಗಿದ್ದ ಹೊಸ ಟೆಕ್ನಿಷಿಯನ್, ನೋಡಿ ಏನೂ ಆಗಿಲ್ಲ, ಸೂಪರ್ ಅಂದ. ನನಗೆ ಹಾಗನಿಸಲಿಲ್ಲ. ಈ ಗಿಡ ಸುಮ್ಮನಿರುವ ಗಿಡವಲ್ಲ.

ಯಾರೂ ಹೇಳದಿದ್ದರೂ ಅವತ್ತೇ ಒಂದು ಕೆಲಸ ಮಾಡಿದೆ. ಅದೇ ಸಾಲಿನ ಇನ್ನೂ ಮುಟ್ಟಿರದ ಹನ್ನೆರಡು ಕುಂಡ ತೆಗೆದುಕೊಂಡು, ಆರನ್ನು ಬಿಸಿಯಲ್ಲೇ ಬಿಟ್ಟು, ಆರನ್ನು ಮುನಿರಾಜಣ್ಣನ ಕೈಲಿ ಏಸಿ ಇರುವ ಲ್ಯಾಬಿಗೆ ಹೊರಿಸಿದೆ. ಒಂದೇ ಸಿರಿಂಜು, ಒಂದೇ ಸೀಸೆಯ ಬ್ಯಾಕ್ಟೀರಿಯಾ, ಹತ್ತು ನಿಮಿಷದೊಳಗೆ ಹನ್ನೆರಡಕ್ಕೂ ಒತ್ತಿದೆ. ಮರುದಿನ ತಂಪಿನಲ್ಲಿದ್ದ ಆರೂ ಎಂದಿನಂತೆ ಒಣಗಿ ಬೇಲಿ ಹಾಕಿದ್ದವು. ಬಿಸಿಯಲ್ಲಿದ್ದ ಆರು ಹಾಗೆಯೇ ಹಸಿರು. ನಾಲ್ಕನೇ ದಿನ ಆ ಆರಕ್ಕೂ ಎಣ್ಣೆ ಮಚ್ಚೆ. ಸೆಕೆ ಏರಿದರೆ ನೂರ ಹದಿನೆಂಟಿಗೆ ವೈರಿಯ ಗುರುತು ಸಿಗುವುದಿಲ್ಲ.

ಹನ್ನೆರಡೂ ಕುಂಡಗಳನ್ನು ಮೇಜಿನ ಮೇಲೆ ಎರಡು ಸಾಲು ಮಾಡಿ ಈರಣ್ಣ ಸರ್ ಅವರನ್ನು ಕರೆದೆ. ಅವರು ನೋಡಿದರು. ಒಂದು ಎಲೆ ತಿರುಗಿಸಿದರು. ಕುರ್ಚಿ ಎಳೆದುಕೊಂಡು ಕೂತರು. ನಾನು ನೀರು ತಂದುಕೊಟ್ಟೆ. ನೀವು ಇದನ್ನು ನೋಡದೇ ಇದ್ದಿದ್ದರೆ ಎಂದು ಶುರು ಮಾಡಿ, ಆ ಮಾತನ್ನು ಅಲ್ಲಿಗೇ ಬಿಟ್ಟರು.

ಎರಡು ದಿನಕ್ಕೆ ಮಾರಾಟ ವಿಭಾಗದ ಮುಖ್ಯಸ್ಥರು ಬಂದರು. ಒಳ್ಳೆಯ ಮನುಷ್ಯರೇ, ಆದರೆ ಎರಡು ರಾಜ್ಯದ ಅಂಗಡಿಯವರಿಗೆ ಮಾತು ಕೊಟ್ಟಾಗಿತ್ತು. ಪ್ಯಾಡ್ ಕೆಟ್ಟಿತ್ತು ಅಂದಮೇಲೆ ಈ ಪರೀಕ್ಷೆಯೇ ಲೆಕ್ಕಕ್ಕಿಲ್ಲ, ಮಳೆ ಬಿದ್ದು ತಂಪಾದ ಮೇಲೆ ಇನ್ನೊಮ್ಮೆ ಮಾಡಿ, ಅದನ್ನೇ ವರದಿಗೆ ಹಾಕಿ ಅಂದರು. ಕೇಳಲು ನ್ಯಾಯವಾಗಿಯೇ ಇತ್ತು. ಈರಣ್ಣ ಸರ್ ನನ್ನ ಕಡೆ ತಿರುಗಿ, ಪರೀಕ್ಷೆ ಮಾಡಿದವರು ಇವರು, ಇವರನ್ನ ಕೇಳೋಣ ಅಂದರು. ಅಂಥ ಮೀಟಿಂಗಿನಲ್ಲಿ ನಾನು ಅದುವರೆಗೆ ಬಾಯಿ ತೆರೆದವಳಲ್ಲ.

“ಸಾರ್, ಬಳ್ಳಾರಿ ಕಡೆ ಹೊಲದಲ್ಲಿ ಕೂಲಿಂಗ್ ಪ್ಯಾಡ್ ಇರಲ್ಲ,” ಅಂದೆ. “ನಮ್ಮ ಪಾಲಿಹೌಸು ಕೆಟ್ಟಾಗಲೇ ಹೊಲದ ಥರ ಆಗಿದ್ದು.”

ಮುಖ್ಯಸ್ಥರಿಗೆ ಸಿಟ್ಟು ಬಂತು. ನೀವು ಡೇಟಾ ಕೊಡಿ, ಅಭಿಪ್ರಾಯ ಬೇಡ ಅಂದರು. ಈರಣ್ಣ ಸರ್ ಮೆಲ್ಲಗೆ, “ಅದು ಅಭಿಪ್ರಾಯ ಅಲ್ರಿ. ನನಗ ಹನ್ನೆರಡು ವರ್ಷದಾಗ ಸಿಕ್ಕಿರೋ ಎಲ್ಲಾಕ್ಕಿಂತ ಚಲೋ ಡೇಟಾ,” ಅಂದರು. ವರದಿ ತರಿಸಿ, ‘ಬಿಸಿಲಿನಲ್ಲಿ ರೋಗ ತಡೆಯುವುದಿಲ್ಲ, ಬಿಡುಗಡೆ ಬೇಡ’ ಎಂದು ತಮ್ಮ ಕೈಯಾರೆ ಬರೆದು ಸಹಿ ಹಾಕಿದರು. ತಮ್ಮದೇ ತಳಿಯ ಮೇಲೆ. ನನ್ನ ಸಹಿಯನ್ನೂ ಪಕ್ಕದಲ್ಲಿ ಹಾಕಿಸಿದರು. ಟೆಕ್ನಿಷಿಯನ್ ಸಹಿ ಅಂಥ ಕಾಗದದಲ್ಲಿ ಬೀಳುವುದಿಲ್ಲ, ಅದಕ್ಕೆ ಜಾಗವೂ ಇರಲಿಲ್ಲ, ಅಂಚಿನಲ್ಲಿ ಹಾಕಿದೆ. ನನ್ನ ಇಡೀ ಕೆಲಸದಲ್ಲಿ ನನಗೆ ಅತ್ಯಂತ ಹೆಮ್ಮೆಯ ಕಾಗದ ಅದೇ. ಅವರು ಡಿಸೆಂಬರಿನಲ್ಲಿ ಬರಿಗೈಯಲ್ಲಿ ನಿವೃತ್ತರಾಗಿ ಧಾರವಾಡಕ್ಕೆ ಹೋದರು. ಹೋಗುವಾಗ, ಇನ್ನೊಂದು ಬಾಗಲಾ ಹುಡುಕ್ರಿ ಅಂದರು.

ಅದನ್ನು ಹುಡುಕಿದ್ದು ನಾನಲ್ಲ, ಮುನಿರಾಜಣ್ಣ. ಅವರ ಮನೆ ಹಿಂದೆ ದೊಡ್ಡ ಗಾಜಿನ ಕಟ್ಟಡ ಎದ್ದು, ಮಧ್ಯಾಹ್ನ ಅದರ ಗಾಜಿಗೆ ಬಡಿದ ಬಿಸಿಲೆಲ್ಲ ಹಿತ್ತಲಿಗೆ ಹೊಡೆಯುತ್ತಿತ್ತು. ತುಳಸಿಯೂ ಸುಟ್ಟುಹೋಗಿತ್ತಂತೆ. ಒಂದು ದಿನ ಪಂಚೆ ಮಡಿಲಿನಿಂದ ಒಂದು ಹಿಡಿ ಗಿಡ್ಡ ಮೆಣಸಿನಕಾಯಿ ತೆಗೆದು ನನ್ನ ಮುಂದಿಟ್ಟರು. “ನಮ್ಮವ್ವ ಆಕಿದ್ ಗಿಡದ ಬೀಜ ಕಣಕ್ಕ. ಆ ಉರೀಲೂ ಇತ್ಲಲ್ಲಿ ನಿಂತೈತೆ, ಒಂದ್ ಚುಕ್ಕೆ ಬಿದ್ದಿಲ್ಲ. ನೋಡ್ತೀರಾ?”

ಬಿತ್ತಿ, ಬೆಳೆಸಿ, ಪಾಲಿಹೌಸಿನ ಪ್ಯಾಡ್ ಬೇಕೆಂದೇ ನಿಲ್ಲಿಸಿ ಬ್ಯಾಕ್ಟೀರಿಯಾ ಒತ್ತಿದೆ. ಮಾರನೇ ದಿನ ಒಣ ಮಚ್ಚೆ ಬರಲಿಲ್ಲ. ನಾನು ಮೊದಲಿನ ಆತುರದ ವಿಜಯಳೇ ಆಗಿದ್ದರೆ ಅವತ್ತೇ ಕಿತ್ತು ಎಸೆಯುತ್ತಿದ್ದೆ, ಮುಂದಿನ ಕಥೆ ಇರುತ್ತಿರಲಿಲ್ಲ. ಕಾದೆ. ನಾಲ್ಕನೇ ದಿನ ಎಣ್ಣೆ ಮಚ್ಚೆಯೂ ಬರಲಿಲ್ಲ. ಹತ್ತನೇ ದಿನಕ್ಕೆ ಸ್ವಲ್ಪ ಹಳದಿ, ಅಷ್ಟೇ. ಈ ಗಿಡ ತನ್ನನ್ನು ಸುಟ್ಟುಕೊಳ್ಳುತ್ತಿರಲಿಲ್ಲ. ರೋಗಾಣು ಬೆಳೆಯಲು ಗಿಡದಿಂದಲೇ ಏನನ್ನೋ ಬಳಸಿಕೊಳ್ಳಬೇಕಲ್ಲ, ಅದು ಈ ಗಿಡದಲ್ಲಿ ಬೇರೆ ರೂಪದಲ್ಲಿತ್ತು, ರೋಗಾಣುವಿನ ಕೈಗೆ ಹತ್ತುತ್ತಿರಲಿಲ್ಲ. ಈ ಗುಣ ಸೆಕೆಗೆ ಹೆದರಲಿಲ್ಲ.

ಈರಣ್ಣ ಸರ್ ಜಾಗಕ್ಕೆ ಬಂದಿದ್ದ ಅನಘಾ ಮೇಡಂ ಇದನ್ನು ನೂರ ಹದಿನೆಂಟರ ಜೊತೆ ಕೂಡಿಸಿದರು. ದಾವಣಗೆರೆಯ ಹುಡುಗಿ, ನನ್ನ ಮಗಳ ವಯಸ್ಸು. ಈ ಎರಡನೇ ಗುಣ ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಕೆಲಸ ಮಾಡುತ್ತದೆ, ಆದ್ದರಿಂದ ಆರು ವರ್ಷ ಹಿಡಿಯಿತು. ಎಲೆಯ ಚೂರು ಕಳಿಸಿ ಡಿಎನ್‌ಎ ನೋಡುವ ವಿಧಾನ ಇಲ್ಲದಿದ್ದರೆ ಇನ್ನೂ ಆರು ಹಿಡಿಯುತ್ತಿತ್ತು. ಹೊಸ ವಿಧಾನಗಳ ಬಗ್ಗೆ ನನಗೆ ಮುನಿಸಿಲ್ಲ. ಬೀಜದ ರಿಜಿಸ್ಟರಿನಲ್ಲಿ ಆ ಗಿಡ್ಡ ಮೆಣಸಿನ ಮೂಲ ಎಂಬ ಕಡೆ ಕಂಪ್ಯೂಟರಿನವರು ‘ಸ್ಥಳೀಯ ಸಂಗ್ರಹ’ ಎಂದು ತುಂಬಿದ್ದರು. ಅದು ಸರಿಹೋಗುವವರೆಗೆ ಮುಂದಿನ ಟ್ರೇ ಮುಟ್ಟುವುದಿಲ್ಲ ಅಂದೆ. ಈಗ ಅಲ್ಲಿ ‘ಮುನಿರಾಜು, ಕುಂದಲಹಳ್ಳಿ’ ಎಂದಿದೆ.

ಮೇಡಂ ಒಂದು ಕ್ಯಾಮೆರಾ ವ್ಯವಸ್ಥೆಯನ್ನೂ ತಂದರು. ಎಲೆಯ ಫೋಟೊ ತೆಗೆದರೆ ಕಾಯಿಲೆ ಎಷ್ಟು ಎಂದು ಅದೇ ಅಂಕ ಹಾಕುತ್ತದೆ. ಮೊದಲ ದಿನವೇ ಅದು ಒಣ ಮಚ್ಚೆಯ ಎಲೆಗಳಿಗೆಲ್ಲ ‘ತೀವ್ರ ರೋಗ’ ಎಂದಿತು, ಹಸಿರು ಎಲೆಗಳಿಗೆಲ್ಲ ‘ಆರೋಗ್ಯ’. ನನಗೆ ನಗು ತಡೆಯಲಾಗಲಿಲ್ಲ. ಏನಾಯ್ತು ಆಂಟಿ ಎಂದು ಮೇಡಂ ಕೇಳಿದರು. ಮೊದಲ ತಿಂಗಳು ನಾನೂ ಹೀಗೇ ಮಾಡಿದ್ದೆ ಎಂದು ಇಡೀ ಕಥೆ ಹೇಳಿದೆ. ಫೋಟೊ ಮಾತ್ರ ಕೊಟ್ಟರೆ ಸಾಲದು, ಒತ್ತಿ ಎಷ್ಟು ಗಂಟೆ ಆಯಿತು ಅನ್ನುವುದನ್ನೂ ಕೊಡಿ ಅಂದೆ. ನನ್ನ ಹಳೆಯ ಇಪ್ಪತ್ತೆಂಟು ನೋಟ್‌ಬುಕ್ಕುಗಳನ್ನು ಇಬ್ಬರು ಹುಡುಗರು ಎರಡು ತಿಂಗಳು ಕೂತು ಕಂಪ್ಯೂಟರಿಗೆ ಹಾಕಿದರು. ಈಗ ಅದು ನನ್ನಷ್ಟೇ ಚೆನ್ನಾಗಿ ಹೇಳುತ್ತದೆ. ಕುಡಿ ಬಾಡಿದೆಯೋ ಇಲ್ಲವೋ ಎಂದು ಮಾತ್ರ ಇನ್ನೂ ನೀವೇ ನೋಡಬೇಕು.

ಹೊಸ ತಳಿ ಏಪ್ರಿಲ್ ಬಿಸಿಲಿನಲ್ಲಿ, ಪ್ಯಾಡ್ ನಿಲ್ಲಿಸಿದ ಪಾಲಿಹೌಸಿನಲ್ಲಿ, ಮೂರು ಬೇಸಿಗೆ ಪಾಸಾಯಿತು. ಮೂರನೆಯದರ ಫಲಿತಾಂಶ ಬಂದ ದಿನ ಧಾರವಾಡಕ್ಕೆ ಫೋನು ಮಾಡಿದೆ. ಈರಣ್ಣ ಸರ್ ಎಲ್ಲ ಕೇಳಿಸಿಕೊಂಡು, ಮುಟ್ಟದ ಗಿಡ ಪಕ್ಕದಾಗ ಇಟ್ಟಿದ್ರೇನು ಎಂದು ಕೇಳಿದರು. ಇಟ್ಟಿದ್ದೆ ಸರ್ ಅಂದೆ.  ಆಮೇಲೆ ಯಾವ ನಂಬರು, ಕಾಯಿ ಎಷ್ಟು ಉದ್ದ ಎಂದು ಒಂದೊಂದೇ ಕೇಳಿ, ಬರೆದುಕೊಂಡಿದ್ದು ನನಗೆ ಕೇಳಿಸಿತು.

ನಾನು ನಿವೃತ್ತಳಾಗುವ ಮೊದಲೇ ಬೀಜ ಮಾರುಕಟ್ಟೆಗೆ ಹೋಯಿತು. ಹೋದ ಚಳಿಗಾಲದಲ್ಲಿ ಹೊಸಕೋಟೆ ಆಚೆ ನೆಂಟರ ಗೃಹಪ್ರವೇಶ ಮುಗಿಸಿ ಬಸ್ಸಿಗೆ ನಡೆಯುತ್ತಿದ್ದಾಗ, ರಸ್ತೆ ಪಕ್ಕದ ಹೊಲದಲ್ಲಿ ಹೆಂಗಸೊಬ್ಬಳು ಮೆಣಸಿನಕಾಯಿ ಬಿಡಿಸುತ್ತಿದ್ದಳು. ಕಾಯಿ ನೋಡಿದೊಡನೆ ನನಗೆ ಗೊತ್ತಾಯಿತು. ಕೇಳಿ ಒಳಗೆ ಹೋದೆ. ಪಕ್ಕದ ಹೊಲದ ಬೇರೆ ಮೆಣಸು ಅರ್ಧ ಎಲೆ ಉದುರಿಸಿ ನಿಂತಿತ್ತು. ಇದು ಸೊಂಟದವರೆಗೆ ಹಸಿರು. ನಾನು ಯಾರೆಂದು ಅವಳಿಗೆ ಹೇಳಲಿಲ್ಲ. ಒಂದು ಎಲೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಗುಂಡುಸೂಜಿ ಮೊನೆಯಷ್ಟು ಒಣ ಚುಕ್ಕೆಗಳು, ಅಲ್ಲೊಂದು ಇಲ್ಲೊಂದು, ಹುಡುಕಿದರೆ ಮಾತ್ರ ಕಾಣುವಂಥವು. ಒಂದೊಂದೂ ಅಲ್ಲಲ್ಲೇ ನಿಂತಿತ್ತು.

“ಅದ್ರಲ್ಲೇನ್ ನೋಡ್ತೀಯಕ್ಕ,” ಅಂದಳು ಅವಳು. “ಹೋದ್ ಬೇಸ್ಗೇಲಿ ಆಕ್ದಾಗ್ಲೂ ಏನೂ ಆಗ್ಲಿಲ್ಲ ಇದ್ಕೆ. ಈ ಗಿಡುಕ್ಕೆ ಕಾಯ್ಲೆನೇ ಬರಲ್ಲ.”

“ಬರುತ್ತಮ್ಮಾ,” ಅಂದೆ. “ದಿನಾ ಬರುತ್ತೆ. ಒಳಗೆ ಬಿಟ್ಕೊಳಲ್ಲ, ಅಷ್ಟೆ.”

ಅವಳು ನನ್ನನ್ನು ಒಂದು ಗಳಿಗೆ ನೋಡಿ, ನಾನು ಕೇಳದಿದ್ದರೂ ಎರಡು ಹಿಡಿ ಕಾಯಿ ನನ್ನ ಸೆರಗಿಗೆ ಹಾಕಿದಳು.